ಹೆಸರು ಅದೇ, ಅರ್ಥ ಬೇರೆ: ಕೋಡ್ ಲೈಬ್ರರಿ ನೋಡಿಕೊಳ್ಳುವ ಮೇಂಟೇನರ್ ಜೊತೆ ಪ್ರಶ್ನೋತ್ತರ

ಹೊಸ ಕಮಿಟ್: ಮೇಡಂ, ನನ್ನ ಲೈಬ್ರರಿ ಇನ್ನೂ 0.6. ಫಂಕ್ಷನ್ ಹೆಸರು ಬದಲಾಯಿಸಿದರೆ 1.0 ಮಾಡಲೇಬೇಕಾ?

ಮೇಂಟೇನರ್: ಬೇಕಿಲ್ಲ. ಸೆಮ್‌ವರ್ (ವರ್ಷನ್ ಸಂಖ್ಯೆ ಕೊಡುವ ನಿಯಮ) ಪ್ರಕಾರ 0ಯಿಂದ ಶುರುವಾಗುವ ವರ್ಷನ್‌ನಲ್ಲಿ ಏನು ಬೇಕಾದರೂ ಬದಲಾಗಬಹುದು. 0.7 ಬಿಡಿ, ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಬರೆಯಿರಿ.

ಅರ್ಧ ನಿದ್ದೆ: ನಮ್ಮ ಪೈಥಾನ್ ಲೈಬ್ರರಿಯಲ್ಲಿ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನೋದು) ಸೆಕೆಂಡಿನಲ್ಲಿತ್ತು. ಮೊನ್ನೆ 2.4.0ರಲ್ಲಿ ಮಿಲಿಸೆಕೆಂಡ್ ಮಾಡಿದೆ. ಪ್ಯಾರಾಮೀಟರ್ ಹೆಸರು ಅದೇ. ಟೆಸ್ಟ್ ಎಲ್ಲಾ ಪಾಸ್. ಈಗ ಇಶ್ಯೂ ಮೇಲೆ ಇಶ್ಯೂ ಬರುತ್ತಿದೆ. ಏನು ಮಾಡಲಿ?

ಮೇಂಟೇನರ್: ಅಯ್ಯೋ. ಫಂಕ್ಷನ್ನೇ ತೆಗೆದಿದ್ದರೆ ಎರರ್ ಬರುತ್ತಿತ್ತು, ಜನ ಬೈದುಕೊಂಡು ಸರಿ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಎರರೇ ಇಲ್ಲ. 30 ಅಂತ ಕೊಟ್ಟವರಿಗೆ ಈಗ ಸಿಗುವುದು 0.03 ಸೆಕೆಂಡ್. ನೆಟ್‌ವರ್ಕ್ ಕೆಟ್ಟಿದೆ ಅಂತ ಹುಡುಕುತ್ತಾ ಕೂತಿರುತ್ತಾರೆ, ಪಾಪ.

ಮೊದಲು ಪೈಪಿಐನಲ್ಲಿ (ಪೈಥಾನ್ ಪ್ಯಾಕೇಜ್ ಸಿಗುವ ತಾಣ) 2.4.0 ಯಾಂಕ್ ಮಾಡಿ, ಅಂದರೆ ತಾನಾಗಿ ಯಾರಿಗೂ ಸಿಗದ ಹಾಗೆ ಗುರುತು ಹಾಕಿ. ಡಿಲೀಟ್ ಬೇಡ. ಸೆಕೆಂಡಿಗೇ ಮರಳಿ 2.4.1 ಬಿಡಿ. ಆದರೆ ಅಲ್ಲೂ ಒಂದು ಗುಂಡಿ ಇದೆ. ನಿಮ್ಮ ಮಾತು ನಂಬಿ ಎರಡೇ ದಿನದಲ್ಲಿ 30000 ಅಂತ ತಿದ್ದಿಕೊಂಡವರು ಇರಬಹುದು. ಅವರಿಗೆ ಟೈಮ್‌ಔಟ್ 8 ಗಂಟೆ 20 ನಿಮಿಷ ಆಗುತ್ತದೆ! ಅದಕ್ಕೇ 1000 ದಾಟಿದ ಸಂಖ್ಯೆ ಬಂದರೆ 2.4.1 ಜೋರಾಗಿ ವಾರ್ನಿಂಗ್ ಕೊಡಲಿ.

ಮಿಲಿಸೆಕೆಂಡ್ ಬೇಕೇ ಬೇಕು ಅಂದರೆ 2.5ರಲ್ಲಿ ಬೇರೆ ಹೆಸರಿನ ಪ್ಯಾರಾಮೀಟರ್ ಸೇರಿಸಿ. ಹಳೆಯದು ಡಿಪ್ರಿಕೇಟ್ ಆಗಿ (ಮುಂದೆ ತೆಗೆಯುತ್ತೇವೆ ಅನ್ನುವ ವಾರ್ನಿಂಗ್ ಜೊತೆ) ಉಳಿಯಲಿ, 3.0ರಲ್ಲಿ ತೆಗೆಯಿರಿ. ಹಳೇ ಹೆಸರಿಗೆ ಹೊಸ ಅರ್ಥ ಮತ್ತೆ ಕೊಡಬೇಡಿ. ವಾರ್ನಿಂಗ್‌ಗೆ ಸ್ಟ್ಯಾಕ್‌ಲೆವೆಲ್ 2 ಇರಲಿ, ಇಲ್ಲದಿದ್ದರೆ ಬಳಕೆದಾರರ ಸಾಲಿನ ಬದಲು ನಿಮ್ಮದೇ ಸಾಲು ಕಾಣುತ್ತದೆ. ಡಿಪ್ರಿಕೇಶನ್ ವಾರ್ನಿಂಗನ್ನು ಪೈಥಾನ್ 3.7ರಿಂದ ಮುಖ್ಯ ಸ್ಕ್ರಿಪ್ಟ್‌ನಲ್ಲಿ ಮಾತ್ರ ತಾನಾಗಿ ತೋರಿಸುತ್ತದೆ. ಉಳಿದ ಕಡೆ ಬಚ್ಚಿಡುತ್ತದೆ. ಅದಕ್ಕೇ ಚೇಂಜ್‌ಲಾಗ್‌ನ ಮೊದಲ ಸಾಲಿನಲ್ಲೂ ಹಾಕಿ.

ಗೇಟ್‌ವೇ: ವೆಬ್ ಎಪಿಐ ನಿಲ್ಲಿಸುವಾಗ ಸನ್‌ಸೆಟ್ ಹೆಡರ್ (ಇಂಥ ದಿನ ನಿಲ್ಲುತ್ತದೆ ಅಂತ ಉತ್ತರದ ಜೊತೆ ಹೋಗುವ ಸೂಚನೆ) ಕಳಿಸಿದರೆ ಸಾಕಾ ಮೇಡಂ?

ಫಾರ್ವರ್ಡ್ ಪ್ರಿಯ: ಬೇರೆ ಗುಂಪಿನಿಂದ ಬಂದದ್ದು: "ಎಲ್ಲಾ ವರ್ಷನ್‌ಗೂ == ಹಾಕಿ (ಆ ವರ್ಷನ್ನೇ ಬೇಕು ಅಂತ), ವಾರ್ನಿಂಗ್ ಆಫ್ ಮಾಡಿ, ನೆಮ್ಮದಿಯಾಗಿರಿ." 100% ಕೆಲಸ ಮಾಡುತ್ತೆ 🙏

ಮೇಂಟೇನರ್: ಇದು ನನಗೆ ಬಂದದ್ದು ಎಷ್ಟನೇ ಸಲವೋ. ಲೆಕ್ಕಾಚಾರದ ಪೈಥಾನ್ ಲೈಬ್ರರಿ ನಂಪೈ 1.20 ಬಂದದ್ದು 2021ರ ಜನವರಿಯಲ್ಲಿ. ಅದರ ಎನ್‌ಪಿ.ಇಂಟ್ ಅನ್ನುವ ಹೆಸರು ಬಳಸಬೇಡಿ ಅಂತ ಆಗಲೇ ವಾರ್ನಿಂಗ್ ಕೊಡುತ್ತಿತ್ತು. ತೆಗೆದದ್ದು 2022ರ ಡಿಸೆಂಬರ್‌ನ 1.24ರಲ್ಲಿ. ಸುಮಾರು ಎರಡು ವರ್ಷ! ವಾರ್ನಿಂಗ್ ಆಫ್ ಮಾಡಿ ಕೂತವರಿಗೆ ಅದು ಸಿಡಿಲು ಬಡಿದ ಹಾಗೆ. ಆ್ಯಪ್‌ಗೆ ಲಾಕ್ ಫೈಲ್ (ಎಲ್ಲಾ ವರ್ಷನ್ ಕಟ್ಟಿಹಾಕುವ ಫೈಲ್) ಸರಿ. ಲೈಬ್ರರಿಯೊಳಗೆ == ಹಾಕಿದರೆ ಬೇರೆ ಲೈಬ್ರರಿಗಳ ಜೊತೆ ಜಗಳ.

ಹಳೇ ಹಾವು: ಎರಡು ವರ್ಷ ಸಾಲಲ್ಲ. ಪೈಥಾನ್ 3 ಬಂದದ್ದು 2008, ಪೈಥಾನ್ 2 ನಿಂತದ್ದು 2020ರ ಜನವರಿ 1. ಅಷ್ಟು ಟೈಮ್ ಕೊಡಬೇಕು.

ತುಕ್ಕು: ಅಷ್ಟು ಕೊಟ್ಟರೂ ಜನ ಒದ್ದಾಡಿದರು ಅಲ್ವಾ? ಎರಡೂ ಒಂದೇ ಪ್ರೋಗ್ರಾಮ್‌ನಲ್ಲಿ ಕೂಡುತ್ತಿರಲಿಲ್ಲ, ಸಮಸ್ಯೆ ಅದು. ರಸ್ಟ್ ಭಾಷೆಯಲ್ಲಿ 2015 ಎಡಿಶನ್‌ನ (ಭಾಷೆಯ ಆವೃತ್ತಿ) ಕ್ರೇಟ್ (ಲೈಬ್ರರಿ) 2021ರದರ ಜೊತೆ ಆರಾಮಾಗಿ ಬಿಲ್ಡ್ ಆಗುತ್ತೆ.

ಹಳೇ ಹಾವು: ಎಲ್ಲಿ ಹೋದರೂ ರಸ್ಟ್ ತರಬೇಡಿ ಸ್ವಾಮಿ.

ತುಕ್ಕು: ಬಿಟ್ಟಿ ಕೋಡ್ ತಗೊಂಡು 11 ವರ್ಷ ಬೆಂಬಲ ಕೇಳೋರು ನೀವೇ ತಾನೇ? ಫೋರ್ಕ್ ಮಾಡಿ (ನಕಲು ತಗೊಂಡು), ನೀವೇ ಸಾಕಿ.

ಹಳೇ ಹಾವು: ಬಿಟ್ಟಿ ಅಂತ ಮುರಿದು ಬಿಸಾಕೋದಾ? ಹಾಗಾದರೆ ರಿಲೀಸ್ ಯಾಕೆ ಮಾಡ್ತೀರಾ?

ರಾತ್ರಿ ಬಿಲ್ಡ್: 0.9ರಲ್ಲಿ ಬ್ರೇಕಿಂಗ್ ಚೇಂಜ್ (ಹಳೇ ಕೋಡ್ ಮುರಿಯುವ ಬದಲಾವಣೆ) ಮಾಡಬಹುದಾ?

ಮೇಂಟೇನರ್: ಮೇಲೆ ನೋಡಿ.

ಅರ್ಧ ನಿದ್ದೆ: ಮೇಡಂ, ಯಾಂಕ್ ಮಾಡಿದೆ, 2.4.1 ಬಿಟ್ಟೆ. ಆದರೂ ಒಬ್ಬರಿಗೆ 2.4.0 ಇನ್‌ಸ್ಟಾಲ್ ಆಗುತ್ತಲೇ ಇದೆಯಂತೆ.

ಮೇಂಟೇನರ್: ==2.4.0 ಅಂತ ಬರೆದಿರುತ್ತಾರೆ. ಹಾಗೆ ಹೆಸರಿಟ್ಟು ಕೇಳಿದರೆ ಯಾಂಕ್ ಆದದ್ದನ್ನೂ ಪಿಪ್ (ಇನ್‌ಸ್ಟಾಲ್ ಮಾಡುವ ಟೂಲ್) ಕೊಡುತ್ತದೆ. ಫಾರ್ವರ್ಡ್ ಪ್ರಿಯರೇ, ನಿಮ್ಮ ನೆಮ್ಮದಿ ಇದೇ.

ಫಾರ್ವರ್ಡ್ ಪ್ರಿಯ: ನಾನು ಬರೆದದ್ದಲ್ಲ ಮೇಡಂ, ಸುಮ್ನೆ ಬಂದದ್ದನ್ನು ಹಾಕಿದೆ.

ಗೇಟ್‌ವೇ: ಸನ್‌ಸೆಟ್ ಹೆಡರ್ ಬಗ್ಗೆ ಯಾರಾದರೂ??