ಗೌಚೊ, ಗ್ರಿಂಗೊ: ಇವರಲ್ಲಿ 'ಪರದೇಶಿ' ಯಾರು?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಅರ್ಜೆಂಟೀನಾದ ಆಲ್ಬೆರ್ತೊ ಗೆರ್ಚುನೊಫ್ ಅವರ 'ಯಹೂದಿ ಗೌಚೊಗಳು' (1910) ಪುಸ್ತಕದ ಒಂದೆರಡು ಅಧ್ಯಾಯಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ರಷ್ಯಾ ಬಿಟ್ಟು ಬಂದ ಯಹೂದಿಗಳು ಎಂತ್ರೆ ರಿಯೋಸ್ ಪ್ರಾಂತದಲ್ಲಿ ಬೇಸಾಯಕ್ಕೆ ನಿಲ್ಲುತ್ತಾರೆ, ಪಕ್ಕದಲ್ಲೇ ಗೌಚೊಗಳು, ಅಂದರೆ ಕುದುರೆ ಏರಿ ದನ ಕಾಯುವ ಅಲ್ಲಿನವರು. ಕಾದಂಬರಿ ಅಂತಾರೆ, ನನಗೇನೋ ಕಥೆಗಳ ಸರಮಾಲೆ ಅನ್ನಿಸಿತು.

ಗೌಚೊಗೆ ಮೊದಲು 'ದನಗಾಹಿ' ಅಂತ ಹಾಕಿದೆ. ಓದಿದ ಅಕ್ಕ ನಕ್ಕಳು. "ಕೋಲು ಹಿಡ್ಕೊಂಡು ನಾಲ್ಕು ಎಮ್ಮೆ ಹಿಂದೆ ಹೋಗೋನ ಥರ ಇದೆಯಲ್ಲೋ!" ನಿಜವೇ. ಗೌಚೊ ಕುದುರೆ ಮೇಲೇ ಬದುಕುವವನು. ಬೆನ್ನ ಹಿಂದೆ ಸೊಂಟಪಟ್ಟಿಗೆ ಸಿಕ್ಕಿಸಿದ ಉದ್ದ ಚೂರಿ, ಕೈಯಲ್ಲಿ ಸೋರೆಬುರುಡೆ. ಬುರುಡೆಯಲ್ಲಿ ಎಲೆಯ ಕಹಿ ಕಷಾಯ, ಲೋಹದ ಕೊಳವೆಯಲ್ಲಿ ಹೀರುತ್ತಾನೆ. (ಅದರ ಹೆಸರು 'ಮಾತೆ'. "ಮಾತೆಯನ್ನು ಹೀರಿದ" ಅಂತ ಬರೆದು ನಾನೇ ಬೆಚ್ಚಿಬಿದ್ದೆ. ಈಗ 'ಮಾಟೆ' ಮಾಡಿದ್ದೇನೆ.) ಗೊಲ್ಲ, ಕುರುಬ ಅಂದರೆ ಸುಮ್ನೆ ಜಾತಿ ಒಳಗೆ ಬಂದುಬಿಡುತ್ತದೆ.

ಗೌಚೊ ಪದ ಎಲ್ಲಿಂದ ಬಂತು ಅನ್ನೋದರಲ್ಲಿ ಜಗಳ ಇದೆ. ಒಂದು ವಾದದ ಪ್ರಕಾರ ಮೂಲ, ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಕೆಚುವಾ ಭಾಷೆಯ 'ವಾಕ್ಚ', ಅಂದರೆ ಅನಾಥ, ಬಡವ. ಅದೇ ಬೇರಿನ 'ಗ್ವಾಚೊ' ಪದವನ್ನು ಅಲ್ಲಿ ತಾಯಿ ಇಲ್ಲದ ಕರುವಿಗೂ ಹೇಳುತ್ತಾರೆ. ನಮ್ಮ 'ತಬ್ಬಲಿ'ಯೇ ಅಲ್ವಾ?

ಇನ್ನು 'ಗ್ರಿಂಗೊ', ಹೊರಗಿನವನು. ಗ್ರೀಕನಿಗೆ ಸ್ಪ್ಯಾನಿಷ್‌ನಲ್ಲಿರುವ 'ಗ್ರಿಯೆಗೊ' ಇದರ ಮೂಲ ಅಂತಾರೆ. ನಮ್ಮ 'ಪರಂಗಿ'ಯೂ ಹೀಗೇ, ಫ್ರಾಂಕ್ ಜನರ ಹೆಸರು ಫಾರಸಿ ಹಾದು ಬಂದದ್ದು. ಹಾಗಂತ ಪರಂಗಿ ಅಂತಲೇ ಹಾಕೋಣ ಅಂದರೆ, ಟೋಪಿ ಹಾಕಿದ ದೊರೆ ಕಣ್ಣ ಮುಂದೆ ಬರುತ್ತಾನೆ. ಅರ್ಜೆಂಟೀನಾದ ಹಳ್ಳಿಗಾಡಿನ ಗ್ರಿಂಗೊ ಜಾಸ್ತಿ ಪಾಲು ಹೊಟ್ಟೆಪಾಡಿಗೆ ಹಡಗು ಹತ್ತಿದ ಇಟಲಿಯವನು. ಯಹೂದಿಗೆ ಅಲ್ಲಿ ಇನ್ನೊಂದು ಹೆಸರೂ ಇತ್ತು, 'ರೂಸೊ', ರಷ್ಯಾದವನು.

ಹಾಗಾಗಿ 'ಪರದೇಶಿ' ಹೊಳೆಯಿತು. ಹೊರದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. "ಏ ಪರದೇಶಿ, ಲಗಾಮು ಹಿಡಿಯೋದು ಹಾಗಲ್ಲ" ಅಂತ ಗೌಚೊ ಬಾಯಲ್ಲಿ ಹೇಳಿಸಿ ನೋಡಿದೆ, ಚೆನ್ನಾಗೇ ಕೂತಿತು. ತೊಡಕು ಏನೆಂದರೆ, ಆ 'ವಾಕ್ಚ' ವಾದ ಸರಿಯಿದ್ದರೆ ದಿಕ್ಕಿಲ್ಲದ ಪರದೇಶಿ ಗೌಚೊನೇ!

ಸದ್ಯಕ್ಕೆ ಗೌಚೊನನ್ನು ಗೌಚೊ ಅಂತಲೇ ಬಿಟ್ಟಿದ್ದೇನೆ. ನಿಮ್ಮ ಕಡೆ 'ಪರದೇಶಿ' ಬರೀ ಬೈಗುಳವಾ, ಇಲ್ಲಾ ಹೊರಗಿನಿಂದ ಬಂದವನಿಗೂ ಹೇಳುತ್ತೀರಾ? ಧಾರವಾಡ, ಕಲಬುರಗಿ ಕಡೆಯವರು ಮುಖ್ಯವಾಗಿ ತಿಳಿಸಿ.