ಅಡಿಕೆ ಸುಲಿಯುವ ಸದ್ದಿನಿಂದ ಸಂಗೀತ ಮಾಡಬಹುದಾ?

ತೋಟದಮನೆ (ತೀರ್ಥಹಳ್ಳಿ ಕಡೆ):
ಕೊಯ್ಲಿನ ಸಮಯದಲ್ಲಿ ನಮ್ಮ ಜಗಲಿಯಲ್ಲಿ ಏಳೆಂಟು ಜನ ಮೆಟ್ಟುಗತ್ತಿ (ಹಲಗೆಗೆ ಕೂರಿಸಿದ ಕತ್ತಿ) ಇಟ್ಟುಕೊಂಡು ರಾತ್ರಿವರೆಗೂ ಅಡಿಕೆ ಸುಲಿಯುತ್ತಾರೆ. ಒಬ್ಬೊಬ್ಬರ ಕೈಯದು ಒಂದೊಂದು ಲಯ. ಕೆನಡಾದ ಮಾಂಟ್ರಿಯಲ್‌ನಲ್ಲಿ 2011ರಲ್ಲಿ 21 ಉಯ್ಯಾಲೆ ಹಾಕಿದ್ದರಲ್ಲ, ಒಂದೊಂದು ಜೀಕಿಗೂ ಸ್ವರ ಬರುತ್ತಿತ್ತು, ಕೆಲವು ಮಟ್ಟುಗಳು ಹಲವರು ಕೂಡಿ ಜೀಕಿದರೆ ಮಾತ್ರ ಹುಟ್ಟುತ್ತಿದ್ದವು, ಅಂಥದ್ದು ನಮ್ಮ ಜಗಲಿಯಲ್ಲೂ ಆಗಬೇಕು ಅಂತ ತುಂಬಾ ಆಸೆ. ಕತ್ತಿಯ ಹಲಗೆಗೆ ಸೆನ್ಸರ್ ಅಂಟಿಸಿದರೆ ಸಾಕಾ? ಬರೀ ಗಲಾಟೆ ಆಗಬಾರದು.

ವೈರು_ಬೆಸುಗೆ:
ಆಗುತ್ತದೆ. ಪೀಜೋ ಡಿಸ್ಕ್ ಸಾಕು, ತೆಳು ಹಿತ್ತಾಳೆ ಬಿಲ್ಲೆ, ಅದುರಿದರೆ ವೋಲ್ಟೇಜ್ ಕೊಡುತ್ತದೆ. ಅದಕ್ಕೆ ಪ್ಯಾರಲಲ್ ಆಗಿ 1 ಮೆಗಾಓಮ್ ರೆಸಿಸ್ಟರ್ ಹಾಕಿ ಆರ್ಡುಯಿನೋದ (ನಾವೇ ಕೋಡ್ ಬರೆದು ಹಾಕುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಅನಲಾಗ್ ಪಿನ್‌ಗೆ ಕೊಡಿ. ಅದರಲ್ಲಿ ಲಿಯೊನಾರ್ಡೊ ಅನ್ನೋ ಬೋರ್ಡ್ ತಗೊಳ್ಳಿ, ಯುಎಸ್‌ಬಿ ಮೂಲಕ ನೇರ ಮಿಡಿ ಕೀಬೋರ್ಡ್ (ಯಾವ ಸ್ವರ ನುಡಿಸಬೇಕು ಅಂತ ಕಂಪ್ಯೂಟರ್‌ಗೆ ಹೇಳುವ ಕೀಬೋರ್ಡ್) ತರಹ ಕೆಲಸ ಮಾಡುತ್ತದೆ. ಗಲಾಟೆ ಆಗಬಾರದು ಅಂದರೆ ಎಲ್ಲರಿಗೂ ಮೋಹನ ರಾಗದ ಐದು ಸ್ವರಗಳನ್ನೇ ಹಂಚಿ, ಸ ರಿ ಗ ಪ ದ. ಯಾರು ಯಾವಾಗ ಹೊಡೆದರೂ ಕಿವಿಗೆ ಚುಚ್ಚುವುದಿಲ್ಲ. ಅದುರು ತಕ್ಷಣ ನಿಲ್ಲದೆ ಒಂದು ಏಟಿಗೆ ಎರಡು ಸಲ ಸ್ವರ ಬರಬಹುದು, ಅದಕ್ಕೆ ಪ್ರತಿ ಏಟಿನ ನಂತರ ಸ್ವಲ್ಪ ಹೊತ್ತು ಸೆನ್ಸರ್ ಓದದ ಹಾಗೆ ಕೋಡ್‌ನಲ್ಲಿ ಬರೆಯಿರಿ.

ಸಾಗರದ_ಸೊಸೆ:
ದಯವಿಟ್ಟು ಕತ್ತಿಗೆ ಏನೂ ಅಂಟಿಸಬೇಡಿ ಮಾರಾಯ್ರೆ. ನಾನೂ ಸುಲಿಯಲು ಕೂರುತ್ತೇನೆ. ಬೆರಳು ಅಲಗಿನ ಪಕ್ಕದಲ್ಲೇ ಇರುತ್ತದೆ, ಹತ್ತಿರದಲ್ಲಿ ಫಕ್ಕನೆ ಸದ್ದಾಗಿ ಬೆಚ್ಚಿದರೆ ಕೈ ಹೋಯಿತು. ಸುಲಿದ ಅಡಿಕೆ ಬೀಳುವ ಬಕೆಟ್ಟಿನ ತಳಕ್ಕೆ ಹೊರಗಿನಿಂದ ಅಂಟಿಸಿ, ಸ್ಪೀಕರ್ ಅಂಗಳದಾಚೆ ಇಡಿ. ಇನ್ನೊಂದು ಮಾತು, ಕೂಲಿ ಸುಲಿದಷ್ಟಕ್ಕೆ ತಾನೇ? ಅವರ ವೇಗ ಕೆಡಬಾರದು. ಮೊದಲು ಅವರನ್ನೇ ಕೇಳಿ, ಸ್ವಿಚ್ಚನ್ನೂ ಅವರ ಕೈಗೇ ಕೊಡಿ. ಅವರಿಗೆ ಇಷ್ಟ ಇಲ್ಲದೆ ಮಾಡುವ ಸಂಗೀತ ಯಾರಿಗೆ ಬೇಕು?

ತೋಟದಮನೆ:
ಬಕೆಟ್ ವಿಚಾರ ಹೊಳೆದೇ ಇರಲಿಲ್ಲ ಅಕ್ಕಾ, ಖಂಡಿತ ಕೇಳುತ್ತೇನೆ. ಆದರೆ ಬಕೆಟ್ ತುಂಬುತ್ತಾ ಬಂದಂತೆ ಸದ್ದು ಮೆತ್ತಗಾಗುತ್ತದೆ ಅಲ್ವಾ?

ವೈರು_ಬೆಸುಗೆ:
ಆಗಲಿ ಬಿಡಿ, ಅದನ್ನೇ ಬಳಸಿಕೊಳ್ಳಿ. ಏಟಿನ ಬಲ ಕಮ್ಮಿಯಾದಂತೆ ಸ್ವರ ಕೆಳಗಿನ ಸ್ಥಾಯಿಗೆ ಇಳಿಯಲಿ. ಬಕೆಟ್ ಖಾಲಿ ಮಾಡಿ ತಂದಾಗ ಮತ್ತೆ ಮೇಲಕ್ಕೆ ಹೋಗುತ್ತದೆ. ಬಕೆಟ್ಟಿನ ಕೆಳಗೆ ಗೋಣಿಚೀಲ ಹಾಸುವುದು ಮರೆಯಬೇಡಿ, ಇಲ್ಲದಿದ್ದರೆ ನೆಲದ ಅದುರು ಪಕ್ಕದವರ ಸೆನ್ಸರ್‌ಗೂ ಹೋಗುತ್ತದೆ. ಕೋಡ್ ಬೇಕಾದರೆ ಹೇಳಿ, ಬರೆದು ಹಾಕುತ್ತೇನೆ.