ಸಹಾಯ ಬೇಕು: ದೂರ ಹೊರಡುವ ಮೊದಲು ಬ್ಯಾಟರಿ ಬದಲಿಸಲೋ ಬೇಡವೋ?

ಹಾಯಿದೋಣಿಯಲ್ಲೇ ಮನೆ ಮಾಡಿ ಎಂಟು ತಿಂಗಳಾಯ್ತು. ಹೊರದೇಶಕ್ಕೆ ಹೊರಡುವ ತಯಾರಿಯೂ ಇಲ್ಲೇ, ಊಟ ನಿದ್ದೆಯೂ ಇಲ್ಲೇ. ಎಂಜಿನ್ ಮುಟ್ಟಬೇಕೆಂದರೆ ಮೆಟ್ಟಿಲನ್ನೇ ಕಳಚಿಡಬೇಕು, ಆಮೇಲೆ ಹೊರಗೆ ಹೋಗಲು ದಾರಿಯಿಲ್ಲ! ಹಾಸಿಗೆಯಡಿಯ ತೇವ, ಬೂಷ್ಟು ಹೇಗೋ ಅಭ್ಯಾಸವಾಗಿದೆ. ತಲೆನೋವು ಕರೆಂಟಿನದು.

ಈಗಿರುವುದು 12 ವೋಲ್ಟಿನ, ತಲಾ 100 ಆಂಪ್-ಅವರ್‌ನ ಎರಡು ಎಜಿಎಂ (ಸೀಲ್ ಮಾಡಿದ ಸೀಸ-ಆಮ್ಲದ) ಬ್ಯಾಟರಿ. ಅರ್ಧಕ್ಕಿಂತ ಕೆಳಗಿಳಿಸಿದರೆ ಬಾಳಿಕೆ ಕಮ್ಮಿ, ಅಂದರೆ ಕೈಗೆ ಸಿಗೋದು 100 ಮಾತ್ರ. ಫ್ರಿಜ್ಜೇ ದಿನಕ್ಕೆ 60 ನುಂಗುತ್ತೆ. ಸಮುದ್ರಕ್ಕಿಳಿದ ಮೇಲೆ ಚುಕ್ಕಾಣಿಯನ್ನು ತಾನೇ ನಡೆಸುವ ಆಟೊಪೈಲಟ್ 3 ಆಂಪಿಯರ್‌ನಂತೆ ಹಗಲೂ ರಾತ್ರಿ ಓಡಿದರೆ ಇನ್ನೊಂದು 72. ಮೋಡ ಕವಿದರೆ ಸೋಲಾರ್ ನೆಚ್ಚಿಕೊಳ್ಳುವಂತಿಲ್ಲ.

ಲಿಥಿಯಂ ಹಾಕೋಣವೆಂದರೆ, ಅದು ಎಳೆಯುವ ಕರೆಂಟಿಗೆ ಎಂಜಿನ್ ಓಡುವಾಗ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಾದು ಕೆಟ್ಟುಹೋಗಬಹುದು. ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಫಕ್ಕನೆ ಕಟ್ ಮಾಡಿದರೆ ಆಲ್ಟರ್ನೇಟರ್‌ನ ಒಳಗಿನ ಡಯೋಡ್ ಸುಡಬಹುದು. ಎಂಜಿನ್ ಸ್ಟಾರ್ಟ್‌ಗೆ ಒಂದು ಎಜಿಎಂ ಉಳಿಸಿಕೊಂಡು ಅದಕ್ಕೂ ಲಿಥಿಯಂಗೂ ನಡುವೆ ಕರೆಂಟನ್ನು ಮಿತಿಯಲ್ಲಿ ಹರಿಸುವ ಡಿಸಿ-ಡಿಸಿ ಚಾರ್ಜರ್ ಇಟ್ಟವರು ಯಾರಾದರೂ ಇದ್ದೀರಾ? ಆ ಚಾರ್ಜರ್ ಬಿಸಿ ಎಷ್ಟಾಗುತ್ತೆ? ಅಥವಾ ಅದೇ ದುಡ್ಡಿಗೆ ಕರೆಂಟೇ ಬೇಡದ, ಗಾಳಿಯ ಬಲದಿಂದಲೇ ದೋಣಿಯ ದಿಕ್ಕು ಕಾಯುವ ವಿಂಡ್ ವೇನ್ ಹಾಕಿಸೋದು ಜಾಣತನವಾ? ನನ್ನ ಮನಸ್ಸು ಅತ್ತಲೇ ವಾಲಿದೆ, ಆದರೆ ಗಾಳಿ ಬಿದ್ದುಹೋದಾಗ ಅದು ಕೆಲಸಕ್ಕೆ ಬರಲ್ಲವಲ್ಲ. ಬಳಸಿದವರು ದಯವಿಟ್ಟು ತಿಳಿಸಿ.